ತಡವಾಗಿ ಬಂದ ನಗು

ನಗುವವರು ನಕ್ಕು ಮುಗಿಸುವವರೆಗೂ ಕಾಯುವ ಟೀವಿ ಬಂದು ಆಗಲೇ ಆರು ವರ್ಷವಾಗಿತ್ತು. ಮೊದಮೊದಲು ಜನ ಬೆರಗಾದರು, ಆಮೇಲೆ ಮರೆತರು. ಫ್ರಿಜ್ಜು ತಣ್ಣಗಿಡುತ್ತದೆ, ಟೀವಿ ಕಾಯುತ್ತದೆ, ಅದರಲ್ಲೇನು ವಿಶೇಷ ಎನ್ನುವ ಮಟ್ಟಕ್ಕೆ ಬಂದಿತ್ತು.

ಅದರ ಒಳಗುಟ್ಟೂ ಅಷ್ಟೇನು ದೊಡ್ಡದಲ್ಲ. ಟೀವಿಯ ಕೆಳಗೆ ಕೋಟಿನ ಗುಂಡಿಯಷ್ಟು ದೊಡ್ಡ ಒಂದು ಸಾಧನ. ಹೆಸರು ನಗೆಗಿವಿ. ಮನೆಯವರ ಮಾತು ಅದಕ್ಕೆ ಬೇಕಿಲ್ಲ, ನಗು ಮಾತ್ರ ಬೇಕು. ಜೋಕು ಮುಗಿದ ಎಷ್ಟು ಹೊತ್ತಿಗೆ ನಗು ಶುರುವಾಯಿತು, ಎಷ್ಟು ಹೊತ್ತು ಇತ್ತು ಎಂದು ಗುರುತು ಹಾಕಿಕೊಳ್ಳುತ್ತದೆ. ಮುಂದಿನ ಕಂತು ಆ ಮನೆಗೆ ಬರುವಾಗ ಮಾತುಮಾತಿನ ನಡುವೆ ಅವರ ನಗುವಿಗೆ ಬೇಕಾದಷ್ಟೇ ಬಿಡುವು ಇರುತ್ತದೆ. ಹಾಗಾಗಿ ಒಂದೇ ಕಂತು ಒಂಟಿ ಗುಮಾಸ್ತನ ಕೋಣೆಯಲ್ಲಿ ಇಪ್ಪತ್ತೆರಡು ನಿಮಿಷ ಓಡಿದರೆ, ಹದಿನಾಲ್ಕು ಜನರ ಮನೆಯಲ್ಲಿ ಇಪ್ಪತ್ಮೂರೂವರೆ ನಿಮಿಷ ಓಡುತ್ತಿತ್ತು. ಪಕ್ಕದ ಮನೆಯವರಿಗಿಂತ ಒಂದು ನಿಮಿಷ ಹೆಚ್ಚು ಸಿಕ್ಕಿತೆಂದು ಬೀಗುವವರೂ ಇದ್ದರು.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ತಯಾರಾಗುತ್ತಿದ್ದ 'ಅಂತರಿಕ್ಷ ಖಾನಾವಳಿ' ಎಂಬ ಧಾರಾವಾಹಿಗೆ ಈ ಸಾಧನ ಹೇಳಿ ಮಾಡಿಸಿದಂತಿತ್ತು. ಗ್ರಹದಿಂದ ಗ್ರಹಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ ಹೊತ್ತು ತಿರುಗುವ ಒಂದು ನೌಕೆ. ಅದರ ಒಡತಿ ಒಬ್ಬ ಸಿಡುಕಿ. ಅಡುಗೆಯ ತಿಪ್ಪಣ್ಣ ಮುಟ್ಟಿದ್ದೆಲ್ಲ ಕೆಡಿಸುವವನು, ಕೊನೆಗೆ ಅವನಿಂದಲೇ ಎಲ್ಲರೂ ಬದುಕುವುದು. ಕಥೆ ಇಷ್ಟೇ. ಆದರೆ ಶುಕ್ರವಾರ ಸಂಜೆ ಏಳೂವರೆಗೆ ಹುಬ್ಬಳ್ಳಿಯಲ್ಲಿ ಆಟೋ ಸಿಗುತ್ತಿರಲಿಲ್ಲ.

ಅಭಿಮಾನಿಗಳಿಗೆ ಇನ್ನೊಂದು ಹುಚ್ಚೂ ಇತ್ತು. ಪ್ರತಿ ಕಂತಿನಲ್ಲಿ ಬೇಕೆಂದೇ ಒಂದು ವಿಜ್ಞಾನದ ತಪ್ಪು ಇಟ್ಟಿರುತ್ತಿದ್ದರು. ಹಿಡಿದು ಬರೆದು ಕಳಿಸಿದವರಿಗೆ ಒಂದು ಅಂಕ. ಬಹುಮಾನವಿಲ್ಲ, ಗಿಹುಮಾನವಿಲ್ಲ, ಬರೀ ಅಂಕ. ಅದಕ್ಕಾಗಿ ಶಾಲಾ ಮಾಸ್ತರರು, ಬಸ್ ಕಂಡಕ್ಟರರು, ಹಲ್ಲಿನ ಡಾಕ್ಟರರು ಕಂತನ್ನು ನಾಲ್ಕು ನಾಲ್ಕು ಸಲ ನೋಡುತ್ತಿದ್ದರು.

ಈ ಪತ್ರಗಳನ್ನು ಓದಿ ಅಂಕ ಕೊಡುವುದು, ನಗೆಗಿವಿಗಳ ವರದಿ ನೋಡಿ ಸಹಿ ಹಾಕುವುದು, ಇವೆರಡೂ ನೀಲಾಂಬಿಕಾ ಹಾದಿಮನಿಯ ಕೆಲಸ. ವಯಸ್ಸು ನಲವತ್ತೆರಡು, ಕೆಲಸದಲ್ಲಿ ಅಚ್ಚುಕಟ್ಟು. ದಿನವಿಡೀ ಲಕ್ಷಗಟ್ಟಲೆ ಮನೆಗಳ ನಗುವನ್ನು ಗೆರೆಗಳಾಗಿ ನೋಡೀ ನೋಡೀ ತಾನು ನಗುವುದನ್ನೇ ಮರೆತವಳು ಎಂದು ಅವಳ ಅತ್ತೆ ಸಾತವ್ವ ಓಣಿಯವರಿಗೆಲ್ಲ ಹೇಳಿಟ್ಟಿದ್ದಳು.

ಅಂಕದ ಪಟ್ಟಿಯ ತುದಿಯಲ್ಲಿ ಒಂದೇ ಹೆಸರು ತಳ ಊರಿತ್ತು: ಇಮಾಮಹುಸೇನ ನದಾಫ. ನಲವತ್ತೊಂದು ಕಂತಿಗೆ ನಲವತ್ತೊಂದು ಅಂಕ. ಮೂಲತಃ ಗದಗದವನು, ಈಗಿನ ವಿಳಾಸ ಚಂದ್ರ. ಅಲ್ಲಿನ ದಕ್ಷಿಣ ತುದಿಯಲ್ಲಿ ಆರು ಜನ ಇರುವ ನೆಲೆಯೊಂದಿತ್ತು. ಅದರ ಎಂಜಿನಿಯರು ಅವನು. ಆರರಲ್ಲಿ ಇಬ್ಬರಿಗಷ್ಟೇ ಕನ್ನಡ ಬರುತ್ತಿತ್ತು, ಉಳಿದ ನಾಲ್ವರು ಪರದೆಯ ಕೆಳಗಿನ ಅಕ್ಷರ ಓದಿಕೊಂಡು ನಗುತ್ತಿದ್ದರು. ಪ್ರತಿ ಶುಕ್ರವಾರ ಅವರಿಗೊಂದು ಪ್ರತಿ ಹೋಗುತ್ತಿತ್ತು, ಶನಿವಾರ ನೋಡುತ್ತಿದ್ದರು. ಸೋಮವಾರದ ಹೊತ್ತಿಗೆ ಅಲ್ಲಿಯ ನಗೆಗಿವಿಯ ವರದಿ, ಇಮಾಮಹುಸೇನನ ತಕರಾರಿನ ಪತ್ರ ಎರಡೂ ನೀಲಾಳ ಮೇಜಿಗೆ ಬರುತ್ತಿದ್ದವು.

ಅವನ ಪತ್ರ ಓದುವುದೆಂದರೆ ಸಿಡುಕ ಮೇಷ್ಟರ ಮುಂದೆ ನಿಂತಂತೆ. "ಗಾಳಿಯಿಲ್ಲದಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿಸದು. ನೌಕೆಯ ನೆರಳು ಸೂರ್ಯನ ಕಡೆಗೇ ಬಿದ್ದಿದೆ. ಇದನ್ನು ಬರೆದವರು ಆರನೇ ಇಯತ್ತೆಯ ಬೆಂಚಿನಲ್ಲಿ ಮತ್ತೆ ಕೂರಬೇಕು." ಒಂದು ಮೆಚ್ಚುಗೆಯ ಮಾತು ಅವನ ಕೈಯಿಂದ ಎಂದೂ ಬಂದಿರಲಿಲ್ಲ.

ನಲವತ್ತೆರಡನೇ ಕಂತಿನಲ್ಲಿ ತಿಪ್ಪಣ್ಣ ಚಂದ್ರನ ನೆಲದ ಮೇಲೆ, ಬಟಾಬಯಲಿನಲ್ಲಿ, ಊದಿನಕಡ್ಡಿ ಹಚ್ಚಿ ಕೈಮುಗಿದ. ಹೊಗೆ ಸುರುಳಿಸುರುಳಿಯಾಗಿ ಏರಿತು. ಗಾಳಿಯೇ ಇಲ್ಲದ ಕಡೆ ಕಡ್ಡಿ ಹೇಗೆ ಉರಿದೀತು ಎಂದು ಎರಡನೇ ತರಗತಿಯ ಮಕ್ಕಳೂ ಬರೆದು ಕಳಿಸಿದರು. ಸೋಮವಾರ ಬಂದ ಇಮಾಮಹುಸೇನನ ಪತ್ರದಲ್ಲಿ ಎರಡೇ ಸಾಲು ಇದ್ದವು.

"ಈ ವಾರ ತಪ್ಪು ಕಾಣಲಿಲ್ಲ. ಕಂತು ಬಹಳ ಚೆನ್ನಾಗಿತ್ತು."

ನೀಲಾ ಅದನ್ನು ಎರಡು ಸಲ ಓದಿದಳು. ತಪ್ಪು ತಪ್ಪಿಸಿಕೊಂಡದ್ದಕ್ಕಿಂತ ಆ 'ಬಹಳ ಚೆನ್ನಾಗಿತ್ತು' ಅವಳನ್ನು ಹೆದರಿಸಿತು.

ಅವಳು ಚಂದ್ರನೆಲೆಯ ನಗೆವರದಿ ತೆಗೆದಳು. ತೃಪ್ತಿ: ನೂರಕ್ಕೆ ತೊಂಬತ್ತೇಳು. ಎಲ್ಲವೂ ಹಸಿರು. ಕೆಳಗೆ, ಯಾರೂ ನೋಡದ ಸಾಲಿನಲ್ಲಿ, ಆ ಮನೆಗೆ ಹೋದ ಪ್ರತಿಯ ಅವಧಿ ಇತ್ತು: ಇಪ್ಪತ್ತಾರು ನಿಮಿಷ. ಆರು ಜನರಿಗೆ ಇಪ್ಪತ್ತಾರು ನಿಮಿಷವೇ? ಅವಳು ಹಿಂದಿನ ವಾರಗಳನ್ನು ಒಂದೊಂದಾಗಿ ಬಿಚ್ಚಿದಳು. ಹತ್ತು ವಾರದ ಹಿಂದೆ ಜೋಕು ಮುಗಿದ ಒಂದು ಸೆಕೆಂಡಿಗೆ ಅಲ್ಲಿ ನಗು ಬರುತ್ತಿತ್ತು. ಈಗ ಬರುತ್ತಿದ್ದದ್ದು ಮೂರು ಸೆಕೆಂಡಿಗೆ. ವಾರಕ್ಕೆ ಒಂದಿಷ್ಟು, ಸೆಕೆಂಡಿನ ಐದನೇ ಒಂದು ಪಾಲು, ತಡವಾಗುತ್ತ ಬಂದಿತ್ತು. ಯಂತ್ರ ಪಾಪ, ತನ್ನ ಧರ್ಮದಂತೆ ವಾರವಾರವೂ ಬಿಡುವನ್ನು ಅಷ್ಟಷ್ಟೇ ಹಿಗ್ಗಿಸಿತ್ತು. ಅಷ್ಟು ಸಣ್ಣ ಬದಲಾವಣೆಗೆ ವಿವರಣೆ ಬೇಕಿಲ್ಲ, ಒಂದು ಸಹಿ ಸಾಕು. ಹತ್ತು ವಾರಕ್ಕೆ ಹತ್ತು ಸಹಿ, ಹತ್ತೂ ಅವಳವೇ.

ಅವಳು ಹಾಳೆಗಳನ್ನು ಹಿಡಿದುಕೊಂಡು ಗುರುಸಿದ್ದಪ್ಪ ಯಲಿಗಾರರ ಕೋಣೆಗೆ ಹೋದಳು. ಧಾರಾವಾಹಿ ಬರೆಯುವವರೂ ಅವರೇ, ತಿಪ್ಪಣ್ಣನ ಪಾತ್ರ ಮಾಡುವವರೂ ಅವರೇ. ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ಹಾಸ್ಯದ ಪಾರ್ಟು ಮಾಡಿ ಬಂದವರು. ಎಲ್ಲರಿಗೂ ಮಾಸ್ತರ.

"ಮಾಸ್ತರ, ಮಂದಿ ನಗೂದು ತಡಾ ಆದ್ರ ಏನ್ ಅರ್ಥ?"

"ಜೋಕ್ ಹಳೇದಂತ ಅರ್ಥ." ಅವರು ಕಪ್ಪಿನ ಚಹಾ ಬಸಿಗೆ ಸುರಿದುಕೊಳ್ಳುತ್ತಿದ್ದರು.

"ಹಳೇದಾದ್ರ ನಗು ಕಡಿಮಿ ಆಗಬೇಕಲ್ರಿ. ಇಲ್ಲೆ ಕಡಿಮಿ ಆಗಿಲ್ಲ. ಅಷ್ಟ ನಗ್ತಾರ, ಆದ್ರ ತಡಾ ಮಾಡಿ ನಗ್ತಾರ. ವಾರದಿಂದ ವಾರಕ್ಕ ಮತ್ತಷ್ಟು ತಡಾ."

ಮಾಸ್ತರ ಬಸಿ ಕೆಳಗಿಟ್ಟರು. ಹಾಳೆಯ ಗೆರೆಗಳು ಅವರಿಗೆ ಅರ್ಥವಾಗುತ್ತಿರಲಿಲ್ಲ. ಆದರೂ ಬೆರಳಿಟ್ಟು ನೋಡಿದರು.

"ಇದು ಥೇಟರ್‌ದಾಗ ಆಗ್ತಿತ್ತು ತಂಗಿ. ಸೀಸನ್ನಿನ್ಯಾಗ ಮಂದಿ ಕಿಕ್ಕಿರಿದು ತುಂಬತಿದ್ರು, ತಗಡಿನ ಥೇಟರು, ಸುತ್ತೆಲ್ಲ ಪಡದೆ ಕಟ್ಟಿರತಿದ್ವಿ. ಮೊದಲನೇ ಅಂಕದಾಗ ಪಟಾಪಟಾ ನಗಾವ್ರು ಮೂರನೇ ಅಂಕದಾಗ ನಾ ಮಾತ್ ಮುಗಿಸಿ ಒಂದ್ ಹೆಜ್ಜಿ ಇಟ್ಟ ಮ್ಯಾಲೆ ನಗ್ತಿದ್ರು. ಮಾಲಕರು ಸೈಡ್ ವಿಂಗಿನ್ಯಾಗ ನಿಂತು ಕಿವಿಗೊಟ್ಟು ಕೇಳಾವ್ರು. ಹಂಗ ಆತಂದ್ರ ಪಡದೆ ಎತ್ರಲೇ ಅಂತ ಒದರತಿದ್ರು. ಗಾಳಿ ಆಡ್ತು ಅಂದ್ರ ಹತ್ತ ಮಿನಿಟಿನ್ಯಾಗ ನಗು ಮತ್ತ ಜಾಗಾಕ್ಕ ಬರ್ತಿತ್ತು."

"ಅಂದ್ರ ಗಾಳಿ ಕೆಟ್ಟಿತ್ತು."

"ಗಾಳಿ ಕೆಟ್ಟಿತ್ತು. ಯಾವ ಊರಾಂವ್ರು ಇವ್ರು?"

ನೀಲಾ ಹೇಳಿದಳು. ಮಾಸ್ತರ ಚಹಾ ಕುಡಿಯಲಿಲ್ಲ.

ಕೆಟ್ಟ ಗಾಳಿ ಎಂದರೆ ನಾವೇ ಉಸಿರು ಬಿಟ್ಟ ಇಂಗಾಲದ ಡೈಆಕ್ಸೈಡು. ನೆಲೆಯಲ್ಲಿ ಅದನ್ನು ಹೀರಿ ತೆಗೆಯುವ ಯಂತ್ರವಿರುತ್ತದೆ. ಯಂತ್ರ ಸೋತರೆ ಅನಿಲ ಮೆಲ್ಲಗೆ ಕೂಡಿಕೊಳ್ಳುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ಜಡವಾಗುತ್ತದೆ, ನಿದ್ದೆ ಹೆಚ್ಚುತ್ತದೆ, ಜಡವಾಗಿದೆ ಎಂದು ತಿಳಿಯಬೇಕಾದ ತಲೆಯೇ ಜಡವಾಗಿರುವುದರಿಂದ ಯಾರಿಗೂ ತಿಳಿಯುವುದಿಲ್ಲ. ಒಂದು ಮಿತಿ ದಾಟಿದರೆ ಮಲಗಿದವರು ಏಳುವುದಿಲ್ಲ. ಇದನ್ನೆಲ್ಲ ನೀಲಾ ಮಧ್ಯಾಹ್ನದ ಊಟ ಬಿಟ್ಟು ಓದಿ ತಿಳಿದುಕೊಂಡಳು. ಮೂರು ಗಂಟೆಗೆ ಚಂದ್ರನೆಲೆಯ ನಿಯಂತ್ರಣ ಕೇಂದ್ರಕ್ಕೆ ಫೋನು ಹಚ್ಚಿದಳು.

"ನಮಸ್ಕಾರ್ರಿ. ನಾನು ಅಂತರಿಕ್ಷ ಖಾನಾವಳಿಯಿಂದ ಮಾತಾಡಾಕತ್ತೀನಿ."

ಆ ಕಡೆಯವನು ನಿಟ್ಟುಸಿರು ಬಿಟ್ಟ. "ಅಮ್ಮಾ, ಇಲ್ಲಿ ಹಿಟ್ಟೂ ಇಲ್ಲ, ರೊಟ್ಟಿನೂ ಇಲ್ಲ. ದಯವಿಟ್ಟು ಇಡಿ."

ತಪ್ಪು ಅವನದಲ್ಲ. ಹೋದ ವರ್ಷ ಧಾರಾವಾಹಿಯ ನೌಕೆಯಲ್ಲಿ ಜೋಳದ ಹಿಟ್ಟು ಖಾಲಿಯಾದಾಗ ಮೂರು ಸಾವಿರ ಅಭಿಮಾನಿಗಳು ಅದೇ ನಂಬರಿಗೆ ಫೋನು ಮಾಡಿ ಹಿಟ್ಟು ಕಳಿಸಿರೆಂದು ಪೀಡಿಸಿದ್ದರು. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆಯೇ. ನೀಲಾ ಮತ್ತೆ ಎರಡು ಸಲ ಪ್ರಯತ್ನಿಸಿದಳು. ಎರಡನೇ ಸಲ ಒಬ್ಬ ಅಧಿಕಾರಿ ಸಿಕ್ಕಿ ಸಮಾಧಾನವಾಗಿಯೇ ಹೇಳಿದರು: ಗೋಡೆಯ ಹನ್ನೆರಡು ಮೀಟರುಗಳೂ ಗಾಳಿ ಸರಿಯಿದೆ ಎನ್ನುತ್ತಿವೆ, ನಗು ತಡವಾಯಿತೆಂದು ನೆಲೆ ಖಾಲಿ ಮಾಡಿಸಲಾಗದು, ನಿಮ್ಮ ಕಾಳಜಿಗೆ ವಂದನೆ.

ಆ ಸಂಜೆ ಮನೆಯಲ್ಲಿ ಸಾತವ್ವ ಓಣಿಯ ನಾಲ್ಕು ಹೆಂಗಸರನ್ನು ಕೂರಿಸಿಕೊಂಡು ಹಳೆಯ ಕಂತು ನೋಡುತ್ತಿದ್ದಳು. ಕೊಡ ಉರುಳಿದಂತೆ ನಗು ಉರುಳುತ್ತಿತ್ತು. ನೀಲಾ ಅಡುಗೆಮನೆಯಲ್ಲಿ ಪಲ್ಯ ತಿರುವುತ್ತ ನಿಂತಲ್ಲೇ ಅಳತೊಡಗಿದಳು.

ಸಾತವ್ವ ನೀರಿಗೆಂದು ಬಂದವಳು ನೋಡಿದಳು. "ಯಾಕ ನೀಲವ್ವಾ, ಏನಾತು?"

"ಆರು ಮಂದಿ ಸಾಯಾಕತ್ತ್ಯಾರ ಅತ್ತಿ. ಹತ್ತು ವಾರ ನಾನ ಸಹಿ ಹಾಕೀನಿ."

ವಿಷಯವನ್ನೆಲ್ಲ ಕೇಳಿದ ಸಾತವ್ವ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ನೇರ ಅವಂಗ ಹೇಳಿ ಕಳಸು. ನಿನ್ನ ಗಾಳಿ ಕೆಟ್ಟೈತಿ, ನೋಡ್ಕೋ ಅಂತ."

"ಗ್ವಾಡಿ ಮ್ಯಾಲಿನ ಮೀಟರ್ ನೋಡ್ತಾನ, ಸರಿ ಐತಿ ಅಂತಾನ, ಮಕ್ಕೋತಾನ. ಅಲ್ಲೆ ಕೆಂಪು ಪೆಟಗಿಯೊಳಗ ಮುಚ್ಚಿಟ್ಟ ಕೈಮೀಟರ್ ಇರ್ತಾವಂತ. ಅದನ್ನ ತೆಗೆದು ನೋಡಬೇಕು. ತುರ್ತು ಇದ್ದಾಗಷ್ಟ ಅದರ ಸೀಲ್ ಒಡೀಬೇಕಂತ."

"ಹೇಳಿದ್ ಕೇಳಾಂವಲ್ಲ ಅನ್ನು."

"ಹೇಳಿದ್ ಕೇಳಾಂವಲ್ಲ, ತಪ್ಪ ತೆಗ್ಯಾಂವ," ಎಂದವಳೇ ನೀಲಾ ಸೌಟು ಹಿಡಿದು ಹಾಗೇ ನಿಂತಳು. ಪಲ್ಯ ತಳ ಹಿಡಿಯಿತು. ಸಾತವ್ವ ಬಯ್ಯಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಮಾಸ್ತರರ ಮುಂದೆ ಕುಳಿತಳು. ಶುಕ್ರವಾರದ ಕಂತಿನಲ್ಲಿ ಒಂದು ದೃಶ್ಯ ಹೆಚ್ಚು ಬೇಕು, ಚಂದ್ರನೆಲೆಗೆ ಹೋಗುವ ಪ್ರತಿಯಲ್ಲಿ ಮಾತ್ರ. ತಿಪ್ಪಣ್ಣ ಕೆಂಪು ಪೆಟ್ಟಿಗೆ ತೆರೆದು ಗಾಳಿಯ ಕೈಮೀಟರು ತೆಗೆಯಬೇಕು, ಥೇಟು ಅಲ್ಲಿರುವಂಥದ್ದೇ. ಅದರ ಹಳದಿ ಗುಂಡಿ ಒತ್ತಬೇಕು. ನಿಜದಲ್ಲಿ ಆ ಗುಂಡಿ ನೀಲಿ.

"ಹಳದಿ ನೋಡಿದ್ ಕೂಡಲೇ ಅಂವಂಗ ಸಿಟ್ಟು ಬರಬೇಕು. ಪೆಟಗಿ ಒಡದು ನೋಡಬೇಕು, ನೀಲಿ ಹೌದಂತ ಬರದು ತಿವೀಬೇಕು. ಆ ಹೊತ್ತಿಗೆ ಮೀಟರಿನ ಅಂಕಿ ಕಣ್ಣಿಗೆ ಬೀಳ್ತೈತಿ."

"ಹೋದ ವಾರ ಊದಿನಕಡ್ಡಿ ಕಾಣ್ಲಿಲ್ಲ ಅಂವಂಗ."

"ಅದಕ್ಕ ಗುಂಡಿ ದೊಡ್ಡದು ಮಾಡೂಣ್ರಿ. ಮೂರು ಸಲ ಒತ್ರಿ. ಹಳದಿ, ಹಳದಿ, ಹಳದಿ ಅಂತ ಹಾಡ್ರಿ."

ಮಾಸ್ತರ ನಕ್ಕರು, ಮತ್ತೆ ಗಂಭೀರವಾದರು. "ಒಂದ ಮನಿಗೆ ಬ್ಯಾರೆ ಕಥಿ ಕಳಿಸಿದ್ರ ನೌಕರಿ ಹೋಗ್ತೈತಿ, ಗೊತ್ತೈತೇನ ನಿನಗ?"

"ಗೊತ್ತೈತಿ. ಸಹಿ ನಂದ ಇರ್ತೈತಿ. ಸಹಿ ಹಾಕೂದು ನನಗೇನ್ ಹೊಸಾದಲ್ಲ ಈಗ."

ಅರ್ಧ ಗಂಟೆಯಲ್ಲಿ ದೃಶ್ಯ ಮುಗಿಯಿತು. ಮಾಸ್ತರ ಹಳದಿ ಗುಂಡಿಯ ಮೇಲೆ ಒಂದು ಲಾವಣಿಯನ್ನೇ ಕಟ್ಟಿ ಕುಣಿದರು. ಮೀಟರು ೦.೩ ಎಂದು ತೋರಿಸುವಂತೆ ನೀಲಾ ಮಾಡಿದ್ದಳು, ಏಕೆಂದರೆ ಆರು ಜನರ ನೆಲೆಯಲ್ಲಿ ಗಾಳಿ ಸರಿಯಾಗಿದ್ದಾಗ ಇರಬೇಕಾದದ್ದು ನೂರಕ್ಕೆ ಅಷ್ಟೇ. ಶುಕ್ರವಾರ ಪ್ರತಿ ಹೋಯಿತು. ಶನಿವಾರ, ಭಾನುವಾರ ನೀಲಾ ಏನು ತಿಂದಳೋ ಅವಳಿಗೇ ನೆನಪಿಲ್ಲ.

ಸೋಮವಾರ ಹನ್ನೊಂದಕ್ಕೆ ಪತ್ರ ಬಂತು. ಮಾಸ್ತರ ಅವಳ ಹಿಂದೆ ನಿಂತು ಓದಿದರು.

"ತಪ್ಪು ಎರಡು. ಒಂದು, ಕೈಮೀಟರಿನ ಗುಂಡಿ ನೀಲಿ, ಹಳದಿಯಲ್ಲ. ಇಷ್ಟೂ ಗೊತ್ತಿಲ್ಲದವರು ಇದರ ಬಗ್ಗೆ ಹಾಡು ಕಟ್ಟಬಾರದು. ಎರಡು, ನಿಮ್ಮ ಮೀಟರು ೦.೩ ತೋರಿಸುತ್ತದೆ. ಇದೂ ತಪ್ಪು. ನಾನು ನಮ್ಮ ಮೂರನೇ ಪೆಟ್ಟಿಗೆ ತೆರೆದು ಸ್ವತಃ ನೋಡಿದೆ. ನಿಜವಾದ ನೆಲೆಯಲ್ಲಿ ಅದು ೩.೧ ತೋರಿಸುತ್ತದೆ. ಇನ್ನು ಮುಂದೆ ಕೇಳಿ ತಿಳಿದುಕೊಂಡು ಬರೆಯಿರಿ."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವುದು ಇದಕ್ಕೇ. ಸಾವು ಅಂಕಿಯಾಗಿ ಕಣ್ಣೆದುರು ಹೊಳೆಯುತ್ತಿದ್ದಾಗ ಅವನಿಗೆ ಕಂಡದ್ದು ಧಾರಾವಾಹಿಯ ಇನ್ನೊಂದು ತಪ್ಪು! ನೆಲೆಯ ಗಾಳಿ ಇರಬೇಕಾದ್ದಕ್ಕಿಂತ ಹತ್ತು ಪಟ್ಟು ಕೆಟ್ಟಿತ್ತು, ಅದನ್ನು ಅವನು ಅಚ್ಚುಕಟ್ಟಾಗಿ ಬರೆದು, ಅಂಕ ಕೇಳಿ ಕಳಿಸಿದ್ದ.

"ಯವ್ವಾ, ಇಂವ ತನ್ನ ತಲೀನ ಕೊಟ್ಟು ಅಂಕಾ ಕೇಳ್ತಾನಲ್ಲ," ಎಂದರು ಮಾಸ್ತರ.

ನೀಲಾ ಆಗಲೇ ಫೋನು ಹಚ್ಚಿದ್ದಳು. ಈ ಸಲ ಧಾರಾವಾಹಿಯ ಹೆಸರೆತ್ತಲಿಲ್ಲ.

"ನಿಮ್ಮ ಚಂದ್ರನೆಲಿಯ ಮೂರನೇ ಕೆಂಪು ಪೆಟಗಿ. ಶನಿವಾರ ಅದರ ಸೀಲ್ ಒಡದೈತಿ. ಒಳಗಿನ ಕೈಮೀಟರಿನ ಅಂಕಿ ಹೇಳ್ತೀನಿ, ಬರಕೋರಿ. ಮೂರು ದಶಾಂಶ ಒಂದು."

ಆ ಕಡೆ ಫೋನು ಕೈ ಬದಲಿಸಿತು. ಆಮೇಲೆ ಒಂದು ಹೆಣ್ಣುಧ್ವನಿ ಬಂತು. ಆ ಪಾಳಿಯ ಮುಖ್ಯಸ್ಥೆ, ಡಾಕ್ಟರ್ ಮಂದಾಕಿನಿ ಅರಸ್.

"ಸೀಲ್ ಒಡೆದಿರೋದು ನಮ್ಮ ಪರದೆ ಮೇಲೆ ಎರಡು ದಿನದಿಂದ ಬರ್ತಿದೆ. ಕೇಳಿದ್ರೆ ಅವರು 'ಸುಮ್ಮನೆ' ಅಂದ್ರು. ನಿಮಗೆ ಹೇಗೆ ಗೊತ್ತು?"

"ನಿಮ್ಮ ಎಂಜಿನಿಯರ ನದಾಫ ತಾನ ಬರದು ಕಳಸ್ಯಾನ್ರಿ. ಅವನ ಕೈ ಬರಹದಾಗ ಐತಿ."

"ಕಳಿಸಿ. ಈಗಲೇ. ಫೋನ್ ಇಡಬೇಡಿ."

ನೀಲಾ ಫೋನು ಇಡಲಿಲ್ಲ. ಆ ಕಡೆ ಕುರ್ಚಿಗಳು ಸರಿಯುವುದು, ಯಾರೋ ಓಡುವುದು, ಆಮೇಲೆ ಮಂದಾಕಿನಿಯವರು ಒಂದೊಂದೇ ಪದ ಬಿಡಿಸಿ ಚಂದ್ರನೆಲೆಗೆ ಹೇಳುವುದು ಕೇಳಿಸುತ್ತಿತ್ತು. "ಎಲ್ಲರೂ. ಈಗಲೇ. ಆಮ್ಲಜನಕದ. ಮುಖವಾಡ. ಹಾಕಿಕೊಳ್ಳಿ. ಕೇಳಿತಾ? ಹಾಕಿಕೊಂಡು. ಹೆಸರು ಹೇಳಿ." ಒಂದೊಂದೇ ಹೆಸರು ತಡೆದು ತಡೆದು ಬಂತು. ಐದು ಬಂದವು. ಆರನೆಯದಕ್ಕೆ ಬಹಳ ಹೊತ್ತಾಯಿತು. ನೀಲಾ ಮೇಜಿನ ಅಂಚು ಹಿಡಿದಿದ್ದಳು.

"ನದಾಫ," ಎಂದಿತು ಒಂದು ಧ್ವನಿ, ನಿದ್ದೆಯಿಂದ ಎದ್ದವನ ಹಾಗೆ.

ಆಮೇಲಿನದೆಲ್ಲ ತಿಳಿಯಲು ವಾರ ಹಿಡಿಯಿತು. ಗಾಳಿ ಶುದ್ಧ ಮಾಡುವ ಯಂತ್ರದ ಒಳಪದರ ಸವೆದು ತಿಂಗಳುಗಳಿಂದ ಸೋಲುತ್ತ ಬಂದಿತ್ತು. ಗೋಡೆಯ ಮೀಟರುಗಳು ತಮ್ಮನ್ನು ತಾವೇ ಸರಿಪಡಿಸಿಕೊಳ್ಳುವ ಜಾತಿಯವು. ಹೋದ ವಾರದ ಗಾಳಿಯನ್ನೇ ಸರಿಯೆಂದು ಹಿಡಿದು ಈ ವಾರದ್ದನ್ನು ಅಳೆಯುತ್ತಿದ್ದವು, ಹಾಗಾಗಿ ಹನ್ನೆರಡೂ ಒಂದೇ ಸುಳ್ಳನ್ನು ಒಕ್ಕೊರಲಿನಿಂದ ಹೇಳುತ್ತಿದ್ದವು. ಮಂದಾಕಿನಿಯವರು ಫೋನು ಮಾಡಿ ಮುಚ್ಚುಮರೆಯಿಲ್ಲದೆ ತಿಳಿಸಿದರು.

"ನಮ್ಮಲ್ಲೂ ಅದೇ ಆಗಿದ್ದು. ನೆಲೆಯವರು ಕೆಲಸ ನಿಧಾನ ಮಾಡಿದ ಹಾಗೆಲ್ಲ ನಮ್ಮ ಯಂತ್ರ ಪ್ರತಿ ಕೆಲಸಕ್ಕೆ ಕೊಡೋ ಅವಧಿ ಹೆಚ್ಚಿಸ್ತಾ ಹೋಯ್ತು. ನಾವು ಒಪ್ಪಿಗೆ ಕೊಡ್ತಾ ಹೋದ್ವಿ. ಇನ್ನು ಹತ್ತು ದಿನ ಬಿಟ್ಟಿದ್ರೆ..."

"ನಾನೂ ಹತ್ತು ಸಲ ಒಪ್ಪಿಗಿ ಕೊಟ್ಟೀನ್ರಿ," ಎಂದಳು ನೀಲಾ. ಹೇಳಿಬಿಟ್ಟ ಮೇಲೆ ಮನಸ್ಸು ಹಗುರವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ.

ಚಾನೆಲ್ಲಿನವರು ಅವಳಿಗೆ ಒಂದು ನೋಟೀಸು ಕೊಟ್ಟರು, ಒಂದು ಶಾಲು ಹೊದಿಸಿದರು. ಎರಡೂ ಒಂದೇ ದಿನ. ನೌಕರಿ ಉಳಿಯಿತು.

ಚಂದ್ರನೆಲೆಯಿಂದ ಮೂರು ವಾರ ಪತ್ರವಿರಲಿಲ್ಲ. ಡಾಕ್ಟರರು ಅವರಿಗೆ ವಿಶ್ರಾಂತಿ ಹೇಳಿದ್ದರು. ನಾಲ್ಕನೇ ಸೋಮವಾರ ನಗೆವರದಿ ಬಂತು. ತೃಪ್ತಿ: ನೂರಕ್ಕೆ ನಲವತ್ತು. ಎಲ್ಲವೂ ಕೆಂಪು. ನೀಲಾ ಗೆರೆಗಳನ್ನು ನೋಡಿದಳು. ನಗು ಒಂದು ಸೆಕೆಂಡಿಗೇ ಬಂದು, ಮುಗಿದು, ಆಮೇಲೆ ಬಿಡುವೆಲ್ಲ ಖಾಲಿ ಬಿದ್ದಿತ್ತು. ಹಳೆಯ ಅಳತೆಯ ಉದ್ದುದ್ದ ಬಿಡುವುಗಳನ್ನು ತೆಗೆಯಲು ಎಲ್ಲರೂ ಮರೆತಿದ್ದರು.

ಅದರ ಹಿಂದೆಯೇ ಪತ್ರ ಬಂತು, ಎರಡು ಪುಟ.

"ಪಾತ್ರಗಳು ಒಂದೊಂದು ಮಾತಿಗೂ ಕಂಬದಂತೆ ನಿಲ್ಲುವುದೇಕೆ? ನಿರ್ದೇಶಕರು ನಿದ್ದೆ ಮಾಡುತ್ತಿದ್ದಾರೆಯೇ? ಈ ಕಂತಿನಲ್ಲಿ ತಪ್ಪು ಒಂದಲ್ಲ, ನಾಲ್ಕು." ನಾಲ್ಕನ್ನೂ ಬಿಡಿಸಿ ಬರೆದಿದ್ದ. ಮೂರು ತಪ್ಪುಗಳು ಮಾಸ್ತರರಿಗೇ ಗೊತ್ತಿರಲಿಲ್ಲ. ಊದಿನಕಡ್ಡಿಯ ಬಗ್ಗೆಯೂ ಒಂದು ಪ್ಯಾರಾ ಬೈದಿದ್ದ. ಎರಡನೇ ಪುಟದ ಕೊನೆಗೆ ಇಷ್ಟಿತ್ತು.

"ನಲವತ್ಮೂರನೇ ಕಂತಿನಲ್ಲಿ ನಾನು ಎರಡು ತಪ್ಪು ತೋರಿಸಿದ್ದೆ. ಗುಂಡಿಯ ಬಣ್ಣದ ಬಗ್ಗೆ ನಾನು ಹೇಳಿದ್ದು ಸರಿ. ಆದರೆ ೦.೩ ಎಂಬ ಅಂಕಿಯ ಬಗ್ಗೆ ಧಾರಾವಾಹಿಯದೇ ಸರಿ, ನನ್ನದೇ ತಪ್ಪು. ಅಂದು ನನ್ನ ತಲೆ ನನ್ನದಾಗಿರಲಿಲ್ಲ ಎನ್ನುವುದು ನೆಪವಾದೀತು. ನಿಯಮವೆಂದರೆ ನಿಯಮ. ನನ್ನ ಲೆಕ್ಕದಿಂದ ಒಂದು ಅಂಕ ಕಳೆಯಿರಿ. ನಾವು ಆರು ಜನ ಕ್ಷೇಮ."

ನೀಲಾ ಅಂಕದ ಪಟ್ಟಿ ತೆರೆದಳು. ನದಾಫನ ಹೆಸರಿನ ಮುಂದೆ, ಹಳದಿ ಗುಂಡಿಯ ಅಂಕವೂ ಸೇರಿ ಇದ್ದ ನಲವತ್ತೆರಡನ್ನು ಅಳಿಸಿ ನಲವತ್ತೊಂದು ಎಂದು ಬರೆದಳು. ಬರೆದು ಮುಗಿಸಿದ ಮೇಲೆ ಅವಳಿಗೆ ನಗು ಬಂತು. ಕೋಣೆಯಾಚೆಯಿಂದ ಮಾಸ್ತರ ಎದ್ದು ಬಂದು ನೋಡುವಷ್ಟು ಜೋರಾಗಿ, ಕಣ್ಣೀರು ಒರೆಸಿಕೊಳ್ಳಲೂ ಆಗದಷ್ಟು ಹೊತ್ತು ಅವಳು ನಗುತ್ತಲೇ ಇದ್ದಳು.